ಮಾರಿದ ಮೇಲೆ ಏರಿದ ರೇಟು

ಮೊನ್ನೆ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ನನ್ನ ಕಾರಿನ ಕ್ಲಚ್ ಕೆಲಸ ನಡೆಯುತ್ತಿತ್ತು. ಪಕ್ಕದ ಶೆಡ್ಡಿನಲ್ಲಿ ಒಂದು ಬಿಳಿ ಜಿಪ್ಸಿ, ಮಾರುತಿಯ ಜೀಪಿನಂಥ ಗಾಡಿ, ನಿಂತಿತ್ತು. ಅದನ್ನು ನೋಡಲು ಬೆಂಗಳೂರಿನಿಂದ ಒಬ್ಬ ಹುಡುಗ ಬಂದಿದ್ದ. ಹುಡುಗ ಅಂದರೆ 35 ದಾಟಿರಬಹುದು. ಮಂಡಿಯೂರಿ ಕೂತು ಡ್ರೈವರ್ ಸೀಟಿನ ಹತ್ತಿರದ ಮ್ಯಾಟ್ ಎತ್ತಿದ. ಜೇಬಿನಿಂದ ಫ್ರಿಜ್ಜಿಗೆ ಅಂಟಿಸುವ ಗಣಪತಿ ಮ್ಯಾಗ್ನೆಟ್ ತೆಗೆದು ತಗಡಿನ ಮೇಲೆ ಒಂದೊಂದೇ ಕಡೆ ಇಡುತ್ತಾ ಹೋದ. ಮೂರು ಕಡೆ ಗಣಪತಿ ಗಟ್ಟಿಯಾಗಿ ಕೂತ. ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ಜಾರಿ ಬಿದ್ದ.

"ಇಲ್ಲಿ ಪುಟ್ಟಿ ತುಂಬಿದ್ದಾರೆ ಅಲ್ವಾ ಸರ್?"

ಮಾರಲು ಬಂದಿದ್ದ ಯಜಮಾನರು ತೀರ್ಥಹಳ್ಳಿ ಕಡೆಯವರು. ಬಾಯಲ್ಲಿ ಎಲೆ ಅಡಿಕೆ. "ನಮ್ಮೂರ ಮಳೆ ನೋಡಿದ ಗಾಡಿ ಮಾರಾಯ್ರೆ. ತುಕ್ಕು ಹಿಡೀದೆ ಇರೋಕೆ ಇದೆಂತ ಸ್ಟೀಲ್ ಲೋಟನಾ?"

ಅವರು ಹೇಳುತ್ತಿದ್ದ ರೇಟು 6.50 ಲಕ್ಷ. ನನಗೆ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಯಾಕೆಂದರೆ ಹೆಚ್ಚುಕಮ್ಮಿ ಇಂಥದ್ದೇ ಜಿಪ್ಸಿಯನ್ನು ನಾನು 2014ರಲ್ಲಿ 2.40 ಲಕ್ಷಕ್ಕೆ ಕೊಟ್ಟು ಕೈತೊಳೆದುಕೊಂಡಿದ್ದೆ. ಅವತ್ತು ಮನೆಯಲ್ಲಿ ಎಲ್ಲರಿಗೂ ಖುಷಿ. ಪೆಟ್ರೋಲ್ ಕುಡಿಯುವ, ಮಳೆ ಬಂದರೆ ಹೊರಗಿಗಿಂತ ಒಳಗೇ ಜಾಸ್ತಿ ಸೋರುವ ಗಾಡಿ ಹೋಯಿತಲ್ಲ ಅಂತ.

ಹಳೆ ಗಾಡಿ ಅಂದರೆ ವರ್ಷ ವರ್ಷ ಬೆಲೆ ಇಳಿಯಬೇಕು. ಅದು ಲೋಕರೂಢಿ. ಆದರೆ ಓಡಿಸುವ ಮಜಕ್ಕೆ ಹೆಸರಾದ ಕೆಲವು ಗಾಡಿಗಳು, ಅಂದರೆ ನಾನು ಸ್ಪೋರ್ಟ್ಸ್ ಕಾರು ಅನ್ನುವಂಥವು, ಈಚೆಗೆ ಈ ರೂಢಿ ಮುರಿಯುತ್ತಿವೆ. ಜಿಪ್ಸಿಯನ್ನು ಸ್ಪೋರ್ಟ್ಸ್ ಕಾರು ಅಂತ ಯಾಕೆ ಕರೀತೀರಿ ಅಂತ ಕೇಳಬಹುದು. ನೆಲಕ್ಕೆ ಅಂಟಿದ ಎರಡು ಬಾಗಿಲಿನ ಕಾರು ನಮ್ಮ ತೋಟದ ರಸ್ತೆಯ ಮೊದಲ ಹಂಪಿನಲ್ಲೇ ಹೊಟ್ಟೆ ಉಜ್ಜಿಕೊಳ್ಳುತ್ತದೆ. ಮಲೆನಾಡಿನಲ್ಲಿ ಸ್ಪೋರ್ಟ್ಸ್ ಅಂದರೆ ಬೇರೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿಯೇ ನಡೆದಿದೆ. ಗದ್ದೆ ಕೊಯ್ಲು ಮುಗಿದ ಮೇಲೆ ಅದೇ ಗದ್ದೆಯಲ್ಲಿ ಆಟೋಕ್ರಾಸ್ ಅನ್ನುವ ಮಣ್ಣಿನ ರೇಸು ಆಗುತ್ತದೆ. ಅಲ್ಲಿ ಮಣ್ಣು ಹಾರಿಸುವುದು ಜಿಪ್ಸಿ, ಹಳೆ ಎಸ್ಟೀಮ್, ಹೋಂಡಾ ಸಿಟಿ ವಿಟೆಕ್, ಪೋಲೊ. ಎರಡು ಚಕ್ರದಲ್ಲಿ ಯಮಹಾ ಆರ್‌ಎಕ್ಸ್ 100. ನಮ್ಮ ಪಾಲಿನ ಫೆರಾರಿಗಳು ಇವೇ.

ಹೊರಗಿನ ಕಥೆಯನ್ನೂ ಸ್ವಲ್ಪ ನೋಡಬೇಕು. 2022ರ ಮೇ ತಿಂಗಳಲ್ಲಿ 1955ರ ಒಂದು ಮರ್ಸಿಡಿಸ್ 300 ಎಸ್‌ಎಲ್‌ಆರ್ 13.5 ಕೋಟಿ ಯೂರೋಗೆ ಹರಾಜಾಯಿತು. ಅಂಥದ್ದು ಇರುವುದು ಎರಡೇ. ಅದು ಬಿಡಿ, ದೊಡ್ಡವರ ಆಟ. ನಮಗೆ ಪಾಠ ಇರುವುದು ಜಪಾನಿನ ಕಾರುಗಳಲ್ಲಿ. ತನ್ನ ನಿಯಮಕ್ಕೆ ತಕ್ಕಂತೆ ತಯಾರಾಗದ ವಿದೇಶಿ ಕಾರನ್ನು ಅಮೆರಿಕ 25 ವರ್ಷ ತುಂಬುವವರೆಗೆ ಒಳಗೆ ಬಿಡುವುದಿಲ್ಲ. 25 ತುಂಬಿದ ದಿನ ಗೇಟು ತೆರೆಯುತ್ತದೆ. ನಿಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್34 ಮಾದರಿ 1999ರಲ್ಲಿ ಬಂದದ್ದು. 2024ಕ್ಕೆ ಅದರ ಗೇಟು ತೆರೆಯಿತು. ಆದರೆ ಜನ ಅಲ್ಲಿಯವರೆಗೆ ಸುಮ್ನೆ ಕಾಯಲಿಲ್ಲ. ವರ್ಷಗಳ ಮುಂಚೆಯೇ ಜಪಾನಿನಲ್ಲಿ ಕೊಂಡು ಶೆಡ್ಡಿಗೆ ಹಾಕಿಟ್ಟರು. ಟೊಯೋಟಾ ಸುಪ್ರಾ ಬೆಲೆಯೂ ಏರಿದೆ. ಹಾಲಿವುಡ್ ಸಿನಿಮಾ ಒಂದರಲ್ಲಿ ಓಡಿದ್ದ ಕಿತ್ತಳೆ ಬಣ್ಣದ ಸುಪ್ರಾ 2021ರಲ್ಲಿ 5.5 ಲಕ್ಷ ಡಾಲರಿಗೆ ಹೋಯಿತು. ಆ ಸಿನಿಮಾ ನೋಡುವಾಗ ಹೈಸ್ಕೂಲಿನಲ್ಲಿದ್ದ ಹುಡುಗರ ಕೈಯಲ್ಲಿ ಈಗ ಕಾಸಿದೆ. ಅಷ್ಟೇ ವಿಷಯ.

ಬೆಲೆ ಹೇಗೆ ನಡೆಯುತ್ತದೆ ಅಂತ ತಿಳಿಯಲು ಆಗುಂಬೆ ಘಾಟಿ ನೆನಪಿಸಿಕೊಳ್ಳಿ. ಹೊಸ ಕಾರು ಶೋರೂಂ ಬಿಟ್ಟ ದಿನ ಘಾಟಿಯ ತುದಿಯಲ್ಲಿರುತ್ತದೆ. ಆಮೇಲೆ ಒಂದೊಂದೇ ತಿರುವು ಇಳಿಯುತ್ತದೆ. ಇನ್ಶೂರೆನ್ಸ್ ಲೆಕ್ಕದಲ್ಲೇ ಐದನೇ ವರ್ಷಕ್ಕೆ ಅರ್ಧ ಬೆಲೆ ಹೋಗಿರುತ್ತದೆ. ಹಾಗೇ ಇಳಿದು ಸೋಮೇಶ್ವರ ಮುಟ್ಟಿದ ಮೇಲೆ ರಸ್ತೆ ಸಪಾಟು. ಹತ್ತು ಹದಿನೈದು ವರ್ಷ ಆದ ಗಾಡಿ ಅಲ್ಲೇ ಓಡಾಡಿಕೊಂಡಿರುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಗಾಡಿಗಳು ಅಲ್ಲಿಂದ ನೇರ ಗುಜರಿಗೆ. ಎಲ್ಲೋ ಒಂದೊಂದು ಮಾತ್ರ ತಿರುಗಿ ಘಾಟಿ ಹತ್ತಲು ಶುರು ಮಾಡುತ್ತದೆ. ಯಾವುದು ಹತ್ತುತ್ತದೆ, ಯಾವುದು ಗುಜರಿಗೆ ಹೋಗುತ್ತದೆ?

ಹಳೆಯದಾದರೆ ಸಾಕು, ಬೆಲೆ ಬರುತ್ತದೆ ಅನ್ನುವುದು ಸುಳ್ಳು. ಹಾಗಿದ್ದರೆ ನಮ್ಮೂರ ಕೊಟ್ಟಿಗೆಗಳ ಹಿಂದೆ ಬಿದ್ದಿರುವ ಡೀಸೆಲ್ ವ್ಯಾನುಗಳೆಲ್ಲ ಬಂಗಾರ ಆಗಬೇಕಿತ್ತು. ನನ್ನ ಪ್ರಕಾರ ಮೂಲ ಕಾರಣ ಒಂದೇ. ಅಂಥ ಗಾಡಿಯನ್ನು ಇನ್ನು ಯಾರೂ ಮಾಡುವ ಹಾಗಿಲ್ಲ. ಮನಸ್ಸಿಲ್ಲ ಅಂತಲ್ಲ, ಕಾನೂನು ಬಿಡುವುದಿಲ್ಲ.

ಆರ್‌ಎಕ್ಸ್ 100 ನೋಡಿ. 1985ರಲ್ಲಿ ಬಂತು, 1996ಕ್ಕೆ ನಿಂತಿತು. 98 ಸಿಸಿ, 11 ಕುದುರೆ ಶಕ್ತಿ, ತೂಕ ನೂರು ಕಿಲೋ ಚಿಲ್ಲರೆ. ಕಾಗದದ ಮೇಲೆ ಏನೂ ಅಲ್ಲ. ಆದರೆ ಅಷ್ಟು ಹಗುರದ ಗಾಡಿಗೆ ಟೂ ಸ್ಟ್ರೋಕ್ ಇಂಜಿನ್ ಕೊಡುವ ಎಳೆತ ಓಡಿಸಿದವನಿಗೇ ಗೊತ್ತು. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುತ್ತದೆ, ಸ್ವಲ್ಪ ಪೆಟ್ರೋಲ್ ಉರಿಯದೆಯೇ ಸೈಲೆನ್ಸರಿನಿಂದ ಹೊರಬೀಳುತ್ತದೆ. ಹೊಗೆಯ ನಿಯಮ ಬಿಗಿಯಾದ ಮೇಲೆ ಅಂಥ ಬೈಕಿಗೆ ಜಾಗ ಉಳಿಯಲಿಲ್ಲ. ಈಗ ಬಿಎಸ್6 ಅನ್ನುವ ಇನ್ನೂ ಬಿಗಿ ನಿಯಮ. ಅದೇ ಹೆಸರಿನಲ್ಲಿ ಹೊಸ ಬೈಕ್ ಬರಬಹುದು, ಆ ಸದ್ದು ಬರುವುದಿಲ್ಲ. ಹಾಗಾಗಿ ಒಳ್ಳೆಯ ಆರ್‌ಎಕ್ಸ್‌ಗೆ ಲಕ್ಷ ದಾಟಿ ಕೇಳುವವರಿದ್ದಾರೆ, ಕೊಡುವವರೂ ಇದ್ದಾರೆ. ಅದರಲ್ಲೂ ಇಂಜಿನ್ ನಂಬರ್ 1ಎಲ್1 ಅಂತ ಶುರುವಾದರೆ ಜಪಾನ್ ಇಂಜಿನ್ ಅಂತ ಮಾತಿನ ಧಾಟಿಯೇ ಬದಲಾಗುತ್ತದೆ.

ಜಿಪ್ಸಿಯದ್ದೂ ಇದೇ ಹಾದಿ. 1985ರ ಡಿಸೆಂಬರಿನಲ್ಲಿ ಬರುವಾಗ 970 ಸಿಸಿ ಇಂಜಿನ್, 45 ಕುದುರೆ ಶಕ್ತಿ. ಕೊನೆಗೆ 1.3 ಲೀಟರ್ ಇಂಜಿನ್, 80 ಕುದುರೆ ಶಕ್ತಿ. ಗಾಡಿಯ ತೂಕ ಒಂದು ಟನ್ನಿನ ಆಸುಪಾಸು. ಕೆಸರಿನಲ್ಲಿ ಮುಳುಗದೆ ತೇಲಿಕೊಂಡು ಹೋಗುವ ಗುಟ್ಟು ಈ ತೂಕದಲ್ಲಿದೆ, ಶಕ್ತಿಯಲ್ಲಿ ಅಲ್ಲ. 2019ರಲ್ಲಿ ಎಬಿಎಸ್, ಏರ್‌ಬ್ಯಾಗ್, ಕ್ರ್ಯಾಶ್ ಟೆಸ್ಟ್ ಎಲ್ಲಾ ಕಡ್ಡಾಯವಾದಾಗ ಜನಸಾಮಾನ್ಯರಿಗೆ ಜಿಪ್ಸಿ ಮಾರುವುದು ನಿಂತಿತು. ಸೇನೆಗೆ ಮಾತ್ರ ಮುಂದುವರಿಯಿತು. 2023ರ ಜೂನ್‌ನಲ್ಲಿ ಅದರ ಜಾಗಕ್ಕೆ ಮಾರುತಿಯದ್ದೇ ಐದು ಬಾಗಿಲಿನ ಜಿಮ್ನಿ ಬಂತು, 12.74 ಲಕ್ಷದಿಂದ ಶುರು. ಇನ್ನು ಜಿಪ್ಸಿ ರೇಟು ಬಿದ್ದೇ ಬೀಳುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಆದದ್ದು ಉಲ್ಟಾ. ಜಿಮ್ನಿಯ ಬಿಲ್ಲು ನೋಡಿದವರಿಗೆ ಹಳೆ ಜಿಪ್ಸಿ ಅಗ್ಗವಾಗಿ ಕಂಡಿತು.

ಇಲ್ಲೊಂದು ಸೂಕ್ಷ್ಮ ಇದೆ. ಹಳೆಯದರ ಬೆಲೆಗೆ ಹೊಸದರ ಬೆಲೆಯೇ ಚಾವಣಿ. ಚಾವಣಿ ಎತ್ತರವಾದರೆ ಅಡಿಯಲ್ಲಿರುವುದಕ್ಕೂ ಏರಲು ಜಾಗ ಸಿಗುತ್ತದೆ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 245 ಅಂತ ಒಂದು ಕಾರು 2020ರಲ್ಲಿ ಬಂತು. ದೇಶಕ್ಕೆಲ್ಲ 200 ಕಾರು, 35.99 ಲಕ್ಷ. 2025ರಲ್ಲಿ ಅದರ ಹೊಸ ರೂಪ ಬಂದಾಗ ಬರೀ 100 ಕಾರು, 49.99 ಲಕ್ಷ. ಅದರ ಮೇಲೆ ಕರ್ನಾಟಕದ ಲೈಫ್ ಟ್ಯಾಕ್ಸ್. 20 ಲಕ್ಷ ದಾಟಿದ ಕಾರಿಗೆ ನೂರಕ್ಕೆ 18. ಅಂದರೆ ಬರೀ ಟ್ಯಾಕ್ಸೇ 9 ಲಕ್ಷ, ಅದರ ಮೇಲೆ ಸೆಸ್ ಬೇರೆ. ಆ ದುಡ್ಡಿಗೆ ಶಿವಮೊಗ್ಗದಲ್ಲಿ ಒಂದು ಒಳ್ಳೆ ಕಾರೇ ಬರುತ್ತದೆ ಅನ್ನಿ. ಇಷ್ಟೆಲ್ಲಾ ಕೊಟ್ಟು ಹೊಸದು ತರುವ ಬದಲು ಹಳೆ ಆರ್‌ಎಸ್ ಸಿಕ್ಕರೆ ಸಾಕು ಅನ್ನುವವರು ಜಾಸ್ತಿಯಾದರು. ಹಳೆ ಕಾರಿನ ಮಾಲೀಕ ಮೀಸೆ ತಿರುವಿದ.

ಪೋಲೊ ಜಿಟಿ ಇದಕ್ಕಿಂತ ಕೆಳಗಿನ ಮೆಟ್ಟಿಲು. ಪೋಲೊ 2022ರಲ್ಲಿ ನಿಂತಿತು. ಅದರ ಹಳೆ ಜಿಟಿ ಅಂದರೆ 1.2 ಲೀಟರ್ ಟರ್ಬೊ ಪೆಟ್ರೋಲ್ ಇಂಜಿನ್, 105 ಕುದುರೆ ಶಕ್ತಿಯ ಗಟ್ಟಿ ಕಾರು. ನಮ್ಮ ಕಡೆಯ ಕಾಲೇಜು ಹುಡುಗರಿಗೆ ಇದೇ ಕನಸು. ಆದರೆ ಅದರ ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ ಲಕ್ಷದ ಮಾತು. ಕೊಳ್ಳುವಾಗ ಬ್ರೋಕರ್ ಇದನ್ನು ಹೇಳುವುದಿಲ್ಲ, ಸೌಂಡ್ ಸಿಸ್ಟಮ್ ಬಗ್ಗೆ ಹೇಳುತ್ತಾನೆ.

ಎಲ್ಲಾ ಸೆಕೆಂಡ್ ಹ್ಯಾಂಡ್ ಗಾಡಿಯ ಬೆಲೆಯೂ ಹೀಗೇ ಏರುತ್ತಿದೆ ಅಂತ ತಿಳಿಯಬಾರದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ನೂರಕ್ಕೆ 28ರಿಂದ 18ಕ್ಕೆ ಇಳಿಯಿತು. ಹೊಸ ಕಾರು ಅಗ್ಗವಾಯಿತು. ಅದೇ ಮಾದರಿಯ ಎರಡು ವರ್ಷ ಹಳೆ ಕಾರಿಗೆ ಯಾರು ಮೊದಲಿನ ರೇಟು ಕೊಡುತ್ತಾರೆ? ಚಾವಣಿ ಕೆಳಗೆ ಬಂತು, ಹಳೆಯದೂ ಬಗ್ಗಬೇಕಾಯಿತು. ಇದು ಜಿಪ್ಸಿಗೆ ತಟ್ಟಲಿಲ್ಲ. ಅದರ ತಲೆ ಮೇಲೆ ಹೊಸ ಜಿಪ್ಸಿ ಅನ್ನುವ ಚಾವಣಿಯೇ ಇಲ್ಲ.

ಇನ್ನು ದುಡ್ಡು. ಮಲೆನಾಡಿನ ಗಾಡಿ ಬಜಾರಿಗೂ ಅಡಿಕೆ ಮಂಡಿಗೂ ಬಿಡದ ನಂಟು. 2021ರಲ್ಲಿ ರಾಶಿ ದರ್ಜೆಯ ಅಡಿಕೆ ಕ್ವಿಂಟಾಲಿಗೆ 50,000 ದಾಟಿತು. 2024-25ರಲ್ಲಿ ಕಾಫಿ ದಾಖಲೆ ಬೆಲೆ ಕಂಡಿತು. ಸಾಲ ತೀರಿಸಿ, ಮನೆಗೆ ಬಣ್ಣ ಹೊಡೆಸಿ, ಮಗಳ ಮದುವೆಗೆ ಎತ್ತಿಟ್ಟ ಮೇಲೂ ಕೈಯಲ್ಲಿ ನಾಲ್ಕು ಕಾಸು ಉಳಿದವರು ಇದ್ದರು. ಇಪ್ಪತ್ತನೇ ವಯಸ್ಸಿನಲ್ಲಿ ಅಪ್ಪ ಕೊಡಿಸದ ಗಾಡಿಯನ್ನು ನಲವತ್ತೈದಕ್ಕೆ ತಾವೇ ತಂದರು. ಇದರಲ್ಲಿ ತಪ್ಪೇನೂ ಇಲ್ಲ. ನನಗೂ ಆಸೆ ಇದೆ.

ಆದರೆ ಕೇಳುವ ಬೆಲೆಯೇ ಬೇರೆ, ಕೊಡುವ ಬೆಲೆಯೇ ಬೇರೆ. ಮೊಬೈಲಿನಲ್ಲಿ ಕಾಣುವುದು ಕೇಳುವ ಬೆಲೆ. ಒಬ್ಬ 7 ಲಕ್ಷ ಅಂತ ಹಾಕಿದರೆ ಅದನ್ನು ನೋಡಿ ಕೊಪ್ಪದಲ್ಲಿ ಇನ್ನೊಬ್ಬ ತನ್ನ ಗಾಡಿಗೂ 7 ಅನ್ನುತ್ತಾನೆ. ಇಬ್ಬರದ್ದೂ ಆರು ತಿಂಗಳು ಮಾರಾಟವಾಗುವುದಿಲ್ಲ. ಅಡಿಕೆಗಾದರೆ ಮಂಡಿಯ ಟೆಂಡರ್ ಇದೆ, ಸಂಜೆಗೆ ರೇಟು ಬೋರ್ಡಿನ ಮೇಲೆ ಬರುತ್ತದೆ. ಗಾಡಿಗೆ ಅಂಥ ಬೋರ್ಡಿಲ್ಲ. ಚೌಕಾಸಿ ಮುಗಿದ ಮೇಲಿನ ಬೆಲೆ ಇಬ್ಬರ ಹೊಟ್ಟೆಯಲ್ಲೇ ಉಳಿಯುತ್ತದೆ.

ಹೂಡಿಕೆ ಅಂತ ಹಳೆ ಗಾಡಿ ಕೊಳ್ಳುವವರಿಗೆ ನನ್ನದೇ ಲೆಕ್ಕ ಕೊಡುತ್ತೇನೆ. 2014ರ ಆ 2.40 ಲಕ್ಷವನ್ನು ಬ್ಯಾಂಕಿನಲ್ಲಿ ನೂರಕ್ಕೆ 7ರಂತೆ ಇಟ್ಟಿದ್ದರೆ 11 ವರ್ಷಕ್ಕೆ 5 ಲಕ್ಷ ದಾಟುತ್ತಿತ್ತು. ಜಿಪ್ಸಿ ಇಟ್ಟುಕೊಂಡಿದ್ದರೆ ಇವತ್ತು ಕೈಗೆ 5.80 ಬರುತ್ತಿತ್ತು ಅಂತಿಟ್ಟುಕೊಳ್ಳಿ. ಅದರಲ್ಲಿ ಎರಡು ಸೆಟ್ ಟೈರು, ಒಂದು ಸಲ ಇಂಜಿನ್ ಬೋರು, ಎರಡು ಸಲ ಟಿಂಕರಿಂಗ್, 11 ವರ್ಷದ ಇನ್ಶೂರೆನ್ಸ್ ಕಳೆಯಿರಿ. ನನ್ನ ಹೊಟ್ಟೆಯ ಸಂಕಟ ಈ ಲೆಕ್ಕ ಹಾಕಿದ ಮೇಲೆ ಸ್ವಲ್ಪ ಇಳಿಯಿತು.

ಮಲೆನಾಡಿನಲ್ಲಿ ಹಳೆ ಗಾಡಿ ಇಟ್ಟುಕೊಳ್ಳುವುದು ಬಯಲುಸೀಮೆಯಷ್ಟು ಸಲೀಸಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಒಣಗುವುದೇ ಇಲ್ಲ. ಬಾನೆಟ್ ಸಂದಿಯಲ್ಲಿ ಎಲೆ ಕೊಳೆತು ನೀರು ಹೋಗುವ ತೂತು ಕಟ್ಟಿಕೊಳ್ಳುತ್ತದೆ. ನೀರು ಒಳಗೆ ಇಳಿದು ಮ್ಯಾಟಿನ ಅಡಿಯಲ್ಲಿ ನಿಲ್ಲುತ್ತದೆ. ಮೇಲಿಂದ ಫಳಫಳ, ಅಡಿಯಲ್ಲಿ ಹಪ್ಪಳ. ಅದಕ್ಕೇ ಆ ಬೆಂಗಳೂರಿನ ಹುಡುಗ ಮೊದಲು ಮ್ಯಾಟ್ ಎತ್ತಿದ್ದು. ಬುದ್ಧಿವಂತ. ಅದೇ ಗಾಡಿ ಬಳ್ಳಾರಿ ಕಡೆಯದ್ದಾಗಿದ್ದರೆ ಎರಡು ಮಾತಿಲ್ಲದೆ ಅಡ್ವಾನ್ಸ್ ಕೊಡುತ್ತಿದ್ದನೇನೋ. ಇದರ ಜೊತೆ ಇಲಿ. ವೈರ್ ಕಡಿಯುವುದರಲ್ಲಿ ನಮ್ಮ ತೋಟದ ಇಲಿಗಳನ್ನು ಮೀರಿಸುವವರಿಲ್ಲ.

ಪೆಟ್ರೋಲಿನದ್ದು ಹೊಸ ತಲೆನೋವು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಎಥನಾಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲವಿಡೀ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ತಳಕ್ಕೆ ಕೂರುತ್ತದೆ. ಹಳೆ ರಬ್ಬರ್ ಪೈಪು, ಕಾರ್ಬೊರೇಟರಿನ ವಾಷರು ಇದಕ್ಕೆ ಮಾಡಿದ್ದಲ್ಲ. ನನ್ನ ಕ್ಲಚ್ ಬಿಚ್ಚಿದ್ದ ಮೆಕ್ಯಾನಿಕ್ ಭಾಯ್ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಫ್ಲೋಟ್ ಬೌಲ್ ಒಂದನ್ನು ತೆಗೆದು ಅಂಗೈ ಮೇಲೆ ಬಗ್ಗಿಸಿ ತೋರಿಸಿದರು. ಹಸಿರು ಕಲೆ, ತಳದಲ್ಲಿ ಪಾಯಸದ ಹಾಗೆ ಗಟ್ಟಿ. "ವರ್ಷಕ್ಕೊಂದು ಸಲ ಬರ್ತಿದ್ದ ಕೆಲಸ ಈಗ ಮಳೆಗಾಲ ಮುಗಿದ್ರೆ ಸಾಲಾಗಿ ಬರುತ್ತೆ ಅಣ್ಣ" ಅಂದರು. ಅವರಿಗೆ 60 ದಾಟಿದೆ. ಮಗ ಸ್ಕ್ಯಾನರ್ ಹಿಡಿದು ಹೊಸ ಕಾರು ನೋಡುತ್ತಾನೆ, ಕಾರ್ಬೊರೇಟರ್ ಮುಟ್ಟುವುದಿಲ್ಲ. ಗಾಡಿಗಿಂತ ಬೇಗ ಅಪರೂಪ ಆಗುತ್ತಿರುವುದು ಅದನ್ನು ರಿಪೇರಿ ಮಾಡುವ ಕೈ. ಬೆಲೆಯ ಮಾತಾಡುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕಾಗದದ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. 2006ರಲ್ಲಿ ನನ್ನ ಆರ್‌ಎಕ್ಸ್ 100 ಅನ್ನು 14,000ಕ್ಕೆ ಒಬ್ಬ ಬ್ರೋಕರಿಗೆ ಕೊಟ್ಟೆ. ಮಾಲೀಕನ ಹೆಸರು ಬದಲಿಸುವ ಫಾರಂ 29, ಫಾರಂ 30ಕ್ಕೆ ಸಹಿ ಹಾಕಿದೆ. ಟ್ರಾನ್ಸ್‌ಫರ್ ನಾವೇ ಮಾಡಿಸ್ತೀವಿ ಅಂದ, ನಂಬಿದೆ. ಹನ್ನೆರಡು ವರ್ಷ ಆದ ಮೇಲೆ ಬೇರೆ ಜಿಲ್ಲೆಯ ಕೋರ್ಟಿನಿಂದ ಸಮನ್ಸ್ ಬಂತು. ಆ ಬೈಕು ಯಾರಿಗೋ ಗುದ್ದಿದೆ, ಇನ್ಶೂರೆನ್ಸ್ ಇಲ್ಲ, ಆರ್‌ಸಿ ಇನ್ನೂ ನನ್ನ ಹೆಸರಲ್ಲೇ. ಅಷ್ಟರಲ್ಲಿ ಅದು ನಾಲ್ಕು ಕೈ ದಾಟಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ: ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದ್ದೇ. ಗಾಡಿ ಮಾರಿಬಿಟ್ಟಿದ್ದೇನೆ ಅನ್ನುವ ಮಾತು ನಡೆಯುವುದಿಲ್ಲ. ಮೂರು ಸಲ ಅಲೆದೆ, ವಕೀಲರಿಗೆ ಕೊಟ್ಟದ್ದು ಬೈಕಿನ ರೇಟಿಗಿಂತ ಜಾಸ್ತಿ.

15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಪತ್ರ, ಮಾಡಿಸಿ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ಇದರ ಫೀಸು 600ರಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10,000, ಬೈಕಿಗೆ 2,000 ಅಂತಾಯಿತು. ಎರಡು ವರ್ಷ ಎಫ್‌ಸಿ ತಪ್ಪಿದ ಗಾಡಿಯನ್ನು "ಪೇಪರ್ ಸ್ವಲ್ಪ ಪೆಂಡಿಂಗ್" ಅಂತ ಮಾರುವವರಿದ್ದಾರೆ. ಆ "ಸ್ವಲ್ಪ" ಎಷ್ಟು ಅಂತ ಕೊಂಡ ಮೇಲೆಯೇ ತಿಳಿಯುವುದು. ದೊಡ್ಡ ಟೈರು, ಹೊಸ ಬಂಪರ್ ಹಾಕಿದ ಗಾಡಿಗೂ ಎಫ್‌ಸಿಯಲ್ಲಿ ತಕರಾರು ಬರಬಹುದು. ಹಿಂದೆ ಇಂಥ ಅಲಂಕಾರಕ್ಕೆ ರೇಟು ಜಾಸ್ತಿ ಸಿಗುತ್ತಿತ್ತು. ಈಗ ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗೇ ಮರ್ಯಾದೆ.

ಇನ್ಶೂರೆನ್ಸಿನ ಕಥೆ ಇನ್ನೂ ವಿಚಿತ್ರ. ಐದು ವರ್ಷ ದಾಟಿದ ಗಾಡಿಯ ಬೆಲೆ ಎಷ್ಟು ಅಂತ ಕಂಪನಿಯೂ ಮಾಲೀಕನೂ ಮಾತಾಡಿ ಒಪ್ಪಿಕೊಳ್ಳಬೇಕು. ಪ್ರೀಮಿಯಂ ಉಳಿಯಲಿ ಅಂತ ನಾವು 1 ಲಕ್ಷ ಅಂತ ಬರೆಸುತ್ತೇವೆ. ಬಜಾರಿನಲ್ಲಿ ಅದು 6 ಲಕ್ಷದ ಗಾಡಿ. ಕಳ್ಳ ಹೊತ್ತುಕೊಂಡು ಹೋದರೆ ಕೈಗೆ ಬರುವುದು ಆ 1 ಲಕ್ಷ. ಕಳ್ಳನಿಗೆ ಮಾತ್ರ ಬಜಾರ್ ರೇಟು ಚೆನ್ನಾಗಿ ಗೊತ್ತಿರುತ್ತದೆ.

ಈ ಏರಿಕೆಯಲ್ಲಿ ನನಗೆ ನಿಜವಾಗಿ ಬೇಸರ ತರುವುದು ಬೇರೆ. ಕೊಡಚಾದ್ರಿ ಹತ್ತಿದವರಿಗೆ ಅಲ್ಲಿನ ಜೀಪುಗಳು ಗೊತ್ತು. ಕಲ್ಲು, ಹೊಂಡ, ಕೆಸರು ತುಳಿದು ಮೇಲೆ ಹೋಗುವ ಹಳೆ ಮಹೀಂದ್ರಾಗಳು. ಓಡಿಸುವವನಿಗೆ ಅದು ಶೋಕಿಯಲ್ಲ, ದಿನದ ಅನ್ನ. ಅಂಥವನ ಜೀಪು ಕೈಕೊಟ್ಟರೆ ಅವನೂ ಹಳೆಯದನ್ನೇ ಹುಡುಕಬೇಕು. ಅವನ ಎದುರು ನಿಂತು ಚೌಕಾಸಿ ಮಾಡುವವರು ಈಗ ಯಾರು? ಹೋಂಸ್ಟೇ ಬಾಗಿಲಲ್ಲಿ ಚೆಂದಕ್ಕೆ ಜೀಪು ನಿಲ್ಲಿಸುವವರು, ತಿಂಗಳಿಗೊಂದು ಭಾನುವಾರ ಕೆಸರಿಗೆ ಇಳಿಸುವವರು. ಅವರು 50 ಸಾವಿರ ಜಾಸ್ತಿ ಕೊಡಲು ಯೋಚಿಸುವುದಿಲ್ಲ. ಇವನಿಗೆ 50 ಸಾವಿರ ಅಂದರೆ ಒಂದು ಸೀಸನ್. ರ್‍ಯಾಲಿಗೆ ಇಳಿಯುವ ಹುಡುಗರದ್ದೂ ಇದೇ ಪಾಡು. ಮೊದಲು ಹಳೆ ಎಸ್ಟೀಮ್ ಒಂದನ್ನು ಬೈಕಿನ ದುಡ್ಡಿಗೆ ತಂದು, ಸೀಟು ಕಿತ್ತು ಹಾಕಿ, ಗದ್ದೆಯಲ್ಲಿ ಕಲಿಯುತ್ತಿದ್ದರು. ಪಲ್ಟಿಯಾದರೂ ಚಿಂತೆಯಿರಲಿಲ್ಲ. ಹೀಗೆ ಪಲ್ಟಿಯಾಗಿ ಹೋದ ಗಾಡಿಗಳಿಂದಲೂ ಉಳಿದವುಗಳ ಬೆಲೆ ಏರಿದೆ ಅನ್ನುವುದು ಬೇರೆ ಮಾತು.

ಮತ್ತೆ ಆ ಬಿಳಿ ಜಿಪ್ಸಿಗೆ ಬರೋಣ. ಮಧ್ಯಾಹ್ನದವರೆಗೆ ಚೌಕಾಸಿ ನಡೆಯಿತು. ಹುಡುಗ 5.20ರಿಂದ ಶುರು ಮಾಡಿ 5.80ಕ್ಕೆ ಬಂದು ನಿಂತ. ತುಕ್ಕಿನ ಪಟ್ಟಿ ತಾನೇ ಮಾಡಿಸಿಕೊಳ್ಳುತ್ತೇನೆ, ದುಡ್ಡು ಈಗಲೇ ಫೋನಿನಲ್ಲಿ ಹಾಕುತ್ತೇನೆ ಅಂದ. ಯಜಮಾನರು ಎದ್ದು ಹೋಗಿ ಎಲೆ ಅಡಿಕೆ ಉಗಿದು ಬಂದರು.

"ಅಲ್ಲ ಮಾರಾಯ್ರೆ, ನೀವು ಕೊಟ್ಟ ದುಡ್ಡಲ್ಲಿ ನಮ್ಮನೆ ದರೆ ಹತ್ತೋ ಗಾಡಿ ಯಾವುದು ಬರ್ತದೆ ಹೇಳಿ?"

ಹುಡುಗ ಸ್ವಲ್ಪ ಯೋಚಿಸಿದ. ಜಿಮ್ನಿ ಅಂದ. ಅದರ ರೇಟನ್ನೂ ಅವನೇ ಹೇಳಬೇಕಾಯಿತು. ಯಜಮಾನರು ಮ್ಯಾಟನ್ನು ಮೊದಲಿನ ಹಾಗೇ ಹಾಸಿದರು. ಹಿಂದಿನ ಸೀಟಿನಲ್ಲಿದ್ದ ಗೊಬ್ಬರದ ಖಾಲಿ ಚೀಲಗಳನ್ನು ಸರಿಸಿ, ಆಟೋ ಕಾಂಪ್ಲೆಕ್ಸಿನಲ್ಲೇ ಕೊಂಡ ಹೊಸ ಫ್ಯಾನ್ ಬೆಲ್ಟ್ ಒಂದನ್ನು ಅದರ ಮೇಲೆ ಇಟ್ಟರು. ಗಾಡಿ ಎರಡನೇ ಸಲ ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಯಿತು. ತೀರ್ಥಹಳ್ಳಿ ಕಡೆ ಹೊರಟೇ ಹೋಯಿತು. ಗಣಪತಿ ಮ್ಯಾಗ್ನೆಟ್ ಅದರ ಬಾನೆಟ್ ಮೇಲೇ ಉಳಿದಿತ್ತು ಅಂತ ಹುಡುಗನಿಗೆ ಆಮೇಲೆ ನೆನಪಾಯಿತು.